ರಾಣಿಯ ಮನೆ

ನಮ್ಮ ಶಾಲೆಯ ಸ್ಟಾಫ್ ರೂಮಿನ ಗೋಡೆಯಲ್ಲಿ ಮೂರು ವರ್ಷದಿಂದ ಒಂದೇ ಕ್ಯಾಲೆಂಡರ್ ತೂಗುತ್ತಿದೆ. ತಾರೀಕು ನೋಡಲು ಅದು ಯಾವ ಉಪಯೋಗಕ್ಕೂ ಇಲ್ಲ. ಚಿತ್ರ ಚೆನ್ನಾಗಿದೆ ಎಂದು ಯಾರೂ ತೆಗೆದಿಲ್ಲ, ಅಷ್ಟೆ. ದುಬೈಯಲ್ಲಿ ಕೆಲಸಕ್ಕಿರುವ ಒಬ್ಬ ಪಾಲಕರು ರಜೆಗೆ ಬಂದಾಗ ತಂದುಕೊಟ್ಟದ್ದು. ಚಿತ್ರದಲ್ಲಿ ದೊಡ್ಡ ಸರೋವರ, ಹಿಂದೆ ಹಿಮ ಹೊದ್ದ ಆಲ್ಪ್ಸ್ ಪರ್ವತ, ನೀರಿನಂಚಿನ ಬಂಡೆಯ ಮೇಲೆ ಗೋಪುರಗಳ ಕಲ್ಲಿನ ಕಟ್ಟಡ. ಸ್ವಿಟ್ಜರ್ಲೆಂಡಿನ ಶಿಯೋಂ ಎಂಬ ಕೋಟೆಮನೆ.

ನೋಟ್ಸ್ ಪುಸ್ತಕ ಇಡಲು ಬರುವ ಎಂಟನೆಯ ತರಗತಿಯ ಹುಡುಗಿಯರು ಅದರ ಮುಂದೆ ಒಂದು ಗಳಿಗೆ ನಿಲ್ಲದೆ ಹೋಗುವುದಿಲ್ಲ. ಒಂದು ದಿನ ಒಬ್ಬಳು ಕೇಳಿದಳು.

“ಅಕ್ಕೋರೆ, ಇದು ಯಾರ ಮನೆ?”

“ಸವೋಯ್ ಅಂತ ಒಂದು ಮನೆತನ. ಆ ಸೀಮೆಯ ದೊರೆಗಳು.”

“ಕಟ್ಟಿ ಎಷ್ಟು ವರ್ಷ ಆಯ್ತು?”

“ಎಂಟುನೂರು ವರ್ಷಕ್ಕೂ ಮೇಲಾಯ್ತು.”

ಅವಳು ಸ್ವಲ್ಪ ಲೆಕ್ಕ ಹಾಕಿದಳು. “ಹಾಗಾದ್ರೆ ನಮ್ಮ ಚೆನ್ನಭೈರಾದೇವಿ ಇವರಿಗಿಂತ ಈಚಿನವಳಲ್ವಾ? ಅವಳ ಮನೆ ಎಲ್ಲಿ ಅದೆ?”

“ಇಲ್ಲ, ಹಾಳಾಗಿ ಹೋಯಿತು” ಎಂದೆ. ಅವಳು “ಹಾಂ” ಎಂದು ಹೋದಳು. ಆದರೆ ಇಪ್ಪತ್ತೆಂಟು ವರ್ಷ ಇತಿಹಾಸ ಪಾಠ ಮಾಡಿದ ನನಗೆ ನನ್ನ ಉತ್ತರದ ಬಗ್ಗೆಯೇ ನಾಚಿಕೆಯಾಯಿತು. ಹಾಳಾಯಿತು ಸರಿ, ಹೇಗೆ ಹಾಳಾಯಿತು? ಅದೇ ಊರಿನ ಬಸದಿ ಹಾಳಾಗದೆ ನಿಂತಿರುವಾಗ ಮನೆಯೊಂದೇ ಎಲ್ಲಿಗೆ ಹೋಯಿತು?

ಗೇರುಸೊಪ್ಪೆ ನಮಗೆ ದೂರದ್ದಲ್ಲ. ಹೊನ್ನಾವರದಿಂದ ಶರಾವತಿಯ ಗುಂಟ ಜೋಗದ ದಾರಿಯಲ್ಲಿ ಸುಮಾರು 30 ಕಿ.ಮೀ. ಅಲ್ಲಿಂದ ಮುಂದೆ ಘಟ್ಟ ಶುರು. ಶಾಸನಗಳಲ್ಲಿ ಈ ಊರಿಗೆ ನಗಿರೆ, ಕ್ಷೇಮಪುರ, ಭಲ್ಲಾತಕೀಪುರ ಎಂಬ ಹೆಸರುಗಳಿವೆ. ಭಲ್ಲಾತಕಿ ಎಂದರೆ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕೇರು ಬೀಜದ ಮರ. ನಾವು ಈಗ ಗೇರು ಎನ್ನುವ ಗೋಡಂಬಿಯನ್ನು ಈ ದೇಶಕ್ಕೆ ತಂದವರು ಪೋರ್ಚುಗೀಸರು. ಊರಿನ ಹೆಸರು ಅದಕ್ಕಿಂತ ಹಳೆಯದು. ಮಕ್ಕಳಿಗೆ ಇದನ್ನು ಹೇಳಿದರೆ ಪ್ರತಿ ವರ್ಷವೂ ನಂಬುವುದಿಲ್ಲ.

ಇಲ್ಲಿ ಆಳಿದ ಸಾಳ್ವ ಮನೆತನದ ಜೈನ ರಾಣಿ ಚೆನ್ನಭೈರಾದೇವಿ. 1552ರಿಂದ 1606ರ ತನಕ, ಒಟ್ಟು 54 ವರ್ಷ ಎಂದು ಇತಿಹಾಸಕಾರರು ಲೆಕ್ಕ ಹೇಳುತ್ತಾರೆ. ಮೊದಲು ವಿಜಯನಗರದ ಆಶ್ರಯ ಇತ್ತು. 1565ರಲ್ಲಿ ಅದು ಬಿದ್ದ ಮೇಲೆ ಅವಳೇ ಅವಳಿಗೆ ದಿಕ್ಕು. ಘಟ್ಟದ ಮೆಣಸು ಇಳಿದು ಬರುವ ದಾರಿಗಳು, ಅದು ಹಡಗು ಹತ್ತುವ ಬಂದರುಗಳು ಅವಳ ಕೈಯಲ್ಲಿದ್ದವು. ಆ ಮೆಣಸಿಗಾಗಿಯೇ ಪೋರ್ಚುಗೀಸರು ಅವಳ ಹಿಂದೆ ಬಿದ್ದದ್ದು; ‘ಮೆಣಸಿನ ರಾಣಿ’ ಎಂದು ಕರೆದವರೂ ಅವರೇ. 1569ರಲ್ಲಿ ಅವರು ನಮ್ಮ ಹೊನ್ನಾವರದ ಕೋಟೆಯನ್ನು ಹಿಡಿದರು. ರಾಣಿ ಆಮೇಲೂ ಆಳಿದಳು. ಕೊನೆಗೆ ಅವಳನ್ನು ಇಳಿಸಿದವರು ಸಮುದ್ರದಿಂದ ಬಂದವರಲ್ಲ, ಘಟ್ಟದ ಮೇಲಿನ ಕೆಳದಿ ಅರಸ ವೆಂಕಟಪ್ಪ ನಾಯಕ. ಅವನೊಡನೆ ಬಿಳಗಿಯವರೂ ಸೇರಿದ್ದರು. ರಾಣಿ ಇಕ್ಕೇರಿಯ ಸೆರೆಯಲ್ಲೇ ತೀರಿಕೊಂಡಳೆಂದು ಹೇಳುತ್ತಾರೆ.

ನಾನು ಮೊದಲ ಸಲ ಗೇರುಸೊಪ್ಪೆಯ ಬಸದಿ ನೋಡಿದ್ದು ಹತ್ತು ವರ್ಷದವಳಿದ್ದಾಗ, ಅಪ್ಪನ ಜೊತೆ. ಹೊಳೆ ದಾಟಲು ದೋಣಿ. ದೋಣಿಯವನು ಅಪ್ಪನ ಪರಿಚಯದವನು, ದುಡ್ಡು ತೆಗೆದುಕೊಳ್ಳಲಿಲ್ಲ. ಆಚೆ ದಡದ ನಗರಬಸ್ತಿಕೇರಿಯಲ್ಲಿ ಕಾಡಿನ ನಡುವೆ ಚತುರ್ಮುಖ ಬಸದಿ. ಶಿಲೆಕಲ್ಲಿನ ಕಟ್ಟಡ, ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಯಾವ ಬಾಗಿಲಿನಿಂದ ಹೋದರೂ ಎದುರಿಗೆ ಒಬ್ಬ ತೀರ್ಥಂಕರ ಕುಳಿತಿದ್ದಾನೆ. ನಾನು ನಾಲ್ಕು ಬಾಗಿಲಿನಿಂದಲೂ ಒಳಗೆ ಹೋಗಿ ಬಂದೆ. ಅಪ್ಪ ಹೊರಗೆ ಕವಳ ಹಾಕುತ್ತ ಕೂತಿದ್ದರು. “ರಾಣಿ ಎಲ್ಲಿ ಇರುತ್ತಿದ್ದಳು?” ಎಂದು ನಾನೂ ಅವತ್ತು ಕೇಳಿದ್ದೆ. ಅಪ್ಪ ಗಿಡ ಬಳ್ಳಿ ಹಬ್ಬಿದ ಒಂದು ದಿಬ್ಬದ ಕಡೆ ಕೈ ತೋರಿಸಿ, “ಇಲ್ಲೇ ಎಲ್ಲೋ” ಎಂದರು. ಯೋಚಿಸಿದರೆ ನಾನು ನನ್ನ ವಿದ್ಯಾರ್ಥಿನಿಗೆ ಕೊಟ್ಟ ಉತ್ತರವೂ ಅದೇ.

ಆ ಊರು ಚೆನ್ನಾಗಿದ್ದ ಕಾಲದಲ್ಲಿ ಅಲ್ಲಿ ಒಂದು ಲಕ್ಷ ಮನೆಗಳೂ 84 ದೇವಾಲಯಗಳೂ ಇದ್ದವೆಂಬ ಪ್ರತೀತಿಯನ್ನು ಬ್ರಿಟಿಷರು 1883ರ ಗ್ಯಾಜೆಟಿಯರಿನಲ್ಲಿ ಬರೆದಿಟ್ಟಿದ್ದಾರೆ. ಲಕ್ಷ ಎಂಬುದು ಬಾಯಿಮಾತಿನ ಲಕ್ಷ ಇದ್ದೀತು. ಆದರೂ ಗಮನಿಸಿ: 84ರಲ್ಲಿ ನಾಲ್ಕಾರು ಇವತ್ತಿಗೂ ಕಾಣಸಿಗುತ್ತವೆ. ಲಕ್ಷದಲ್ಲಿ ಒಂದೂ ಇಲ್ಲ, ರಾಣಿಯದ್ದು ಸೇರಿ.

ಆ ಮನೆಯ ಸುದ್ದಿ ಬರೆದಿಟ್ಟವನೊಬ್ಬನಿದ್ದಾನೆ. ರೋಮ್ ನಗರದ ಸಿರಿವಂತ ಮನೆತನದ ಪಿಯೆತ್ರೊ ಡೆಲ್ಲಾ ವಾಲ್ಲೆ. 1623ರಲ್ಲಿ ಗೋವೆಯಿಂದ ಪೋರ್ಚುಗೀಸ್ ರಾಯಭಾರಿಯ ಜೊತೆ ವೆಂಕಟಪ್ಪ ನಾಯಕನನ್ನು ಕಾಣಲು ಹೊರಟವನು. ವಿಚಿತ್ರ ಮನುಷ್ಯ. ಬಾಗ್ದಾದಿನಲ್ಲಿ ಮದುವೆಯಾದ ಹೆಂಡತಿ ಪರ್ಷಿಯಾದಲ್ಲಿ ತೀರಿಕೊಂಡಾಗ ಅಲ್ಲಿ ಹೂಳಲು ಮನಸ್ಸಾಗದೆ ಶವವನ್ನು ಕೆಡದಂತೆ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟು ನಾಲ್ಕಾರು ವರ್ಷ ಜೊತೆಗೇ ಸಾಗಿಸಿ, ಕೊನೆಗೆ ರೋಮಿನ ತನ್ನ ಮನೆತನದ ಸಮಾಧಿಯಲ್ಲೇ ಇಟ್ಟ. ಇವನ ಪತ್ರಗಳ ಇಂಗ್ಲಿಷ್ ಅನುವಾದ ನನಗೆ ಸಿಕ್ಕಿದ್ದು ಧಾರವಾಡದಲ್ಲಿ ಬಿ.ಎಡ್. ಓದುವಾಗ. ಪರೀಕ್ಷೆಗೆ ಓದಬೇಕಾದ ಮನಶ್ಶಾಸ್ತ್ರ ಬಿಟ್ಟು ಇದನ್ನು ಓದುತ್ತ ಕೂತಿದ್ದೆ. ನಮ್ಮ ಹೊಳೆಯ ಹೆಸರನ್ನು ಅಂಥ ದಪ್ಪ ಪುಸ್ತಕದಲ್ಲಿ ನಾನು ಎಂದೂ ಕಂಡಿರಲಿಲ್ಲ.

ಅವನು ಹೊನ್ನಾವರದಲ್ಲಿ ದೋಣಿ ಹತ್ತಿ ಶರಾವತಿಯಲ್ಲಿ ಮೇಲಕ್ಕೆ ಹೋದ. ಎರಡೂ ದಡದ ಹಸಿರು ನೋಡಿ ಇಷ್ಟು ಚೆಂದದ ಹೊಳೆಯನ್ನು ಕಂಡಿಲ್ಲವೆಂಬಂತೆ ಹೊಗಳಿದ್ದಾನೆ. ಗೇರುಸೊಪ್ಪೆಯಲ್ಲಿ ಇಳಿದರೆ ನಗರವಿಲ್ಲ, ಅರಮನೆಯಿಲ್ಲ. ಎಲ್ಲ ಬಿದ್ದು ಮರ ಬೆಳೆದಿದೆ. ರೈತರ ಕೆಲವು ಗುಡಿಸಲು ಬಿಟ್ಟರೆ ಏನೂ ಕಾಣುವುದಿಲ್ಲ ಎಂದು ಬರೆಯುತ್ತಾನೆ.

ಇಸವಿ ನೋಡಿ. ರಾಣಿ ಸೆರೆಯಾದದ್ದು 1606. ಇವನು ಬಂದದ್ದು 1623. ಹದಿನೇಳೇ ವರ್ಷ! ಹದಿನೇಳು ಮಳೆಗಾಲಕ್ಕೆ ಒಂದು ಅರಮನೆ ಕಾಡಾಯಿತು.

ಅವಳ ಬಗ್ಗೆ ಅವನಿಗೆ ಜನ ಹೇಳಿದ ಕಥೆ ಏನು ಗೊತ್ತೆ? ರಾಣಿ ಒಬ್ಬ ಪರಸ್ಥಳದ, ಸಾಮಾನ್ಯ ಮನುಷ್ಯನನ್ನು ಮೆಚ್ಚಿ ಅಧಿಕಾರವನ್ನೆಲ್ಲ ಅವನ ಕೈಗೆ ಕೊಟ್ಟಳು, ಅವನು ಅವಳಿಗೇ ತಿರುಗಿಬಿದ್ದ, ಅದರಿಂದ ರಾಜ್ಯ ಹೋಯಿತು ಎಂದು. ಅವನನ್ನು ದೂರಿ ಫಲವಿಲ್ಲ, ಕೇಳಿದ್ದನ್ನು ಬರೆದ. ಗೆದ್ದವರ ರಾಯಭಾರಿಗಳ ಜೊತೆ ಹೋಗುತ್ತಿದ್ದವನಿಗೆ ಬೇರೆ ಕಥೆ ಯಾರು ಹೇಳಿಯಾರು? ಆದರೆ 54 ವರ್ಷ ಬಂದರು, ಸುಂಕ, ಮೆಣಸು, ಯುದ್ಧ ಎಲ್ಲವನ್ನೂ ನಿಭಾಯಿಸಿದ ಹೆಂಗಸಿನ ಬಗ್ಗೆ ಹದಿನೇಳು ವರ್ಷದಲ್ಲಿ ಉಳಿದ ಮಾತು ಇದು. ಮನೆಯ ಗೋಡೆ ಬೀಳಲು ಎಷ್ಟು ಹೊತ್ತು ಬೇಕಾಯಿತೋ ಹೆಸರು ಬೀಳಲೂ ಅಷ್ಟೇ ಹೊತ್ತು. ಇದನ್ನು ಓದಿದ ದಿನ ನನಗೆ ನಿಜಕ್ಕೂ ಸಿಟ್ಟು ಬಂದಿತ್ತು.

ಅದೇ ಪುಸ್ತಕದ ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ, ಮೇಷ್ಟರ ಚಪಲ. ಘಟ್ಟ ಹತ್ತುವ ದಾರಿಯಲ್ಲಿ ಒಂದು ಗುಡಿಯ ಜಗಲಿ. ಅಲ್ಲಿ ನಾಲ್ಕು ಹುಡುಗರು ನೆಲದ ಮೇಲೆ ನುಣುಪು ಮರಳು ಹರವಿ, ಬೆರಳಲ್ಲಿ ಬರೆಯುತ್ತ, ಬರೆದದ್ದನ್ನು ರಾಗವಾಗಿ ಹೇಳುತ್ತ ಲೆಕ್ಕ ಕಲಿಯುತ್ತಿದ್ದರು. ಮೇಷ್ಟರಿಲ್ಲ. ಮರೆತರೆ ತಿದ್ದುವವರು ಯಾರು ಎಂದು ಇವನು ಕೇಳಿದ. ನಾಲ್ವರೂ ಒಂದೇ ಕಡೆ ಮರೆಯುವುದು ಸಾಧ್ಯವಿಲ್ಲವಲ್ಲ ಎಂದು ಹುಡುಗರು ಉತ್ತರ ಕೊಟ್ಟರು. ಬಿ.ಎಡ್.ನಲ್ಲಿ ನಾನು ಕಲಿತ ಯಾವ ಬೋಧನಾ ವಿಧಾನವೂ ಇದಕ್ಕಿಂತ ಮೇಲಿರಲಿಲ್ಲ.

ಮನೆಯ ವಿಷಯಕ್ಕೆ ಬರುತ್ತೇನೆ.

ನಮ್ಮಲ್ಲಿ ದೇವರ ಮನೆ ಕಲ್ಲಿನದು, ಮನುಷ್ಯರ ಮನೆ ಮಣ್ಣು ಮರದ್ದು. ಅರಸರಿಗೂ ಇದೇ ಪದ್ಧತಿ. ಹಂಪಿಗೆ ಹೋದವರು ನೆನಪಿಸಿಕೊಳ್ಳಿ: ವಿರೂಪಾಕ್ಷ ಇದ್ದಾನೆ, ವಿಠ್ಠಲನ ಗುಡಿ ಇದೆ; ಕೃಷ್ಣದೇವರಾಯನ ಅರಮನೆ ಎಂದು ತೋರಿಸುವುದು ಬರೀ ಕಲ್ಲಿನ ಜಗಲಿ. ಮೇಲಿನ ಕಂಬ, ತೊಲೆ, ಮಾಡು ಎಲ್ಲ ಮರದ್ದು, ಅದು ಉಳಿದಿಲ್ಲ. ನಮ್ಮ ಕುಮಟೆ ಹತ್ತಿರದ ಮಿರ್ಜಾನ ಕೋಟೆಯೂ ಹಾಗೆಯೇ. ಅದನ್ನು ಚೆನ್ನಭೈರಾದೇವಿಯ ಹೆಸರಿನೊಂದಿಗೇ ಹೇಳುತ್ತಾರೆ. ಸುಮಾರು 10 ಎಕರೆಯ ಕೋಟೆ, ಚಿರೆಕಲ್ಲಿನ ಎತ್ತರದ ಗೋಡೆ, ಕಂದಕ, ಮೆಟ್ಟಿಲಿಳಿದು ಹೋಗುವ ಬಾವಿಗಳು. 2000-01ರಲ್ಲಿ ಪುರಾತತ್ವ ಇಲಾಖೆಯವರು ಅಗೆದಾಗ ಪೋರ್ಚುಗೀಸ್ ನಾಣ್ಯ, ಚೀನಾದ ಪಿಂಗಾಣಿ ಚೂರು ಸಿಕ್ಕಿದವು. ಗೋಡೆಯೊಳಗೆ ವಾಸದ ಕಟ್ಟಡಗಳೆಂದರೆ ತಳಪಾಯದ ಸಾಲುಗಳು ಮಾತ್ರ. ಮಳೆಗಾಲದಲ್ಲಿ ಅವುಗಳ ಮೇಲೆ ಹುಲ್ಲು ಬೆಳೆದು ಮಕ್ಕಳು ಫೋಟೋ ತೆಗೆಸಿಕೊಳ್ಳಲು ಓಡಾಡುತ್ತಾರೆ.

ಆಲ್ಪ್ಸಿನ ದೊರೆಗಳಂತೆ ಬೆಟ್ಟದ ಮೇಲೆ ಮನೆ ಮಾಡಿದವರೂ ನಮ್ಮಲ್ಲಿದ್ದಾರೆ. ತೀರ್ಥಹಳ್ಳಿ ಕಡೆಯ ಕವಲೇದುರ್ಗ ಕೆಳದಿ ಅರಸರದ್ದು. ಒಮ್ಮೆ ಪ್ರವಾಸಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಒಂದರೊಳಗೊಂದು ಕೋಟೆ ಬಾಗಿಲು ದಾಟಿ ಹತ್ತುವಷ್ಟರಲ್ಲಿ ನನ್ನ ಮೊಣಕಾಲು ಸೋತಿತು. ಮೇಲೆ ಅಗೆದು ತೆಗೆದ ಅರಮನೆಯ ನೆಲ ಇದೆ. ಮಾಡಿಲ್ಲ, ಗೋಡೆಯೂ ಇಲ್ಲ. ಕಂಬ ನಿಲ್ಲಿಸಿದ ಕಲ್ಲುಗಳು, ಜಗಲಿ, ನೀರು ಹೋಗುವ ಕಾಲುವೆ. ಗಂಡುಮಕ್ಕಳು ಫಿರಂಗಿ ಇದೆಯೇ ಎಂದು ಹುಡುಕುತ್ತಿದ್ದರು. ಹೆಣ್ಣುಮಕ್ಕಳೆಲ್ಲ ಒಂದು ಕಡೆ ಗುಂಪುಗೂಡಿದ್ದರು. ಅಲ್ಲಿ ಹಲವು ಬಾಯಿಯ ಕಲ್ಲಿನ ಒಲೆ ಇತ್ತು. “ಅಕ್ಕೋರೆ, ಇಲ್ಲಿ ಬೆಂಕಿ, ಇಲ್ಲಿ ಅನ್ನದ ಪಾತ್ರೆ” ಎಂದು ಒಬ್ಬಳು ಕೂತೇ ತೋರಿಸಿದಳು. ಶಿವಾಜಿಯ ಮಗ ರಾಜಾರಾಮನಿಗೆ 1689ರಲ್ಲಿ ಆಶ್ರಯ ಕೊಟ್ಟ ಚೆನ್ನಮ್ಮನ ರಾಜ್ಯ ಇದೇ ಎಂದು ಪಾಠದಲ್ಲಿ ಹೇಳಿ ಹೇಳಿ ನನಗೆ ಸಾಕಾಗಿತ್ತು. ಆ ಒಲೆಯ ಎದುರು ಪಾಠ ಬೇಕಾಗಲಿಲ್ಲ. ಆ ಕೆಳದಿಯ ಗತಿಯಾದರೂ ಏನು? 1763ರಲ್ಲಿ ಹೈದರಾಲಿ ಬಿದನೂರು ಹಿಡಿದಾಗ ರಾಣಿ ವೀರಮ್ಮಾಜಿ ಮಧುಗಿರಿಯ ಸೆರೆಗೆ ಹೋದಳು. ಗೇರುಸೊಪ್ಪೆಯ ಹೆಂಗಸಿಗೆ ಆದದ್ದೇ ಗೆದ್ದವರ ಸೊಸೆಗೂ ಆಯಿತು.

ಹಾಗಾದರೆ ಗೇರುಸೊಪ್ಪೆಯ ಮನೆಯ ಮೇಲುಭಾಗ ಹೇಗಿದ್ದೀತು? ಇದಕ್ಕೆ ಉತ್ತರ ಸಿಕ್ಕಿದ್ದು ಭಟ್ಕಳದಲ್ಲಿ, ಅದೂ ಒಂದು ಮದುವೆಗೆ ಹೋದಾಗ. ಮುಹೂರ್ತಕ್ಕೆ ಸಮಯವಿತ್ತು, ಸೀರೆಯ ನೆರಿಗೆ ಹಿಡಿದುಕೊಂಡೇ ಖೇತಪೈ ನಾರಾಯಣ ದೇವಸ್ಥಾನ ನೋಡಿ ಬಂದೆ. ಹದಿನಾರನೆಯ ಶತಮಾನದಲ್ಲಿ, ಅಂದರೆ ನಮ್ಮ ರಾಣಿಯ ಕಾಲದ ಆಸುಪಾಸಿನಲ್ಲಿ ಒಬ್ಬ ವ್ಯಾಪಾರಿ ಕಟ್ಟಿಸಿದ್ದು. ಗೋಪುರವಿಲ್ಲ. ಇಳಿಜಾರಾದ ಮಾಡು, ಆದರೆ ಹಂಚಿನದ್ದಲ್ಲ, ಹುಲ್ಲಿನದ್ದಲ್ಲ. ದೊಡ್ಡ ದೊಡ್ಡ ಕಲ್ಲಿನ ಹಲಗೆಗಳನ್ನು ಒಂದರ ಮೇಲೊಂದು ಅಂಚು ಕೂಡಿಸಿ ಹೊದಿಸಿದ್ದಾರೆ. ಸುತ್ತಲಿನ ಗೋಡೆಯಲ್ಲಿ ಸರಳು ಸರಳಾಗಿ ಕಡೆದ ಕಲ್ಲಿನ ಜಾಲರಿ. ಮರದ ಪಟ್ಟಿಗಳನ್ನು ನಿಲ್ಲಿಸಿ ಮಾಡುವ ಕೆಲಸವನ್ನು ಶಿಲ್ಪಿ ಕಲ್ಲಿನಲ್ಲಿ ಮಾಡಿದ್ದಾನೆ.

ಕಲ್ಲಿಗೆ ಅಂಥ ರೂಪ ಬೇಕಿಲ್ಲ. ಅದು ಬಡಗಿಯ ರೂಪ. ಅಂದರೆ ಶಿಲ್ಪಿಯ ಕಣ್ಣ ಮುಂದೆ ಅಂಥ ಮರದ ಮನೆಗಳಿದ್ದವು, ಅವನು ದೇವರಿಗೂ ಅಂಥದ್ದೇ ಕಟ್ಟಿಕೊಟ್ಟ. ಮೂಡಬಿದಿರೆಯ ಬಸದಿಗಳಲ್ಲೂ ಇದೇ ರೀತಿ. ಹತ್ತೊಂಬತ್ತನೆಯ ಶತಮಾನದ ವಾಸ್ತು ಇತಿಹಾಸಕಾರ ಫರ್ಗ್ಯುಸನ್ ಇವುಗಳನ್ನು ನೋಡಿ, ಇವಕ್ಕೆ ಹತ್ತಿರದ ನೆಂಟರು ನೇಪಾಳದ ಕಟ್ಟಡಗಳು ಎಂದ. ನೇಪಾಳದಿಂದ ಯಾರಾದರೂ ಇಲ್ಲಿಗೆ ಬಂದರೋ ಎಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಬೆಟ್ಟದ ಸೀಮೆ, ಮರ ಬೇಕಾದಷ್ಟು, ಆಕಾಶದಿಂದ ಬೀಳುವುದು ವಿಪರೀತ. ವರ್ಷಕ್ಕೆ 3000 ಮಿ.ಮೀ.ಗೂ ಮೀರಿ ಮಳೆ ಸುರಿಯುವ ಊರಿನಲ್ಲಿ ಮಾಡನ್ನು ಕಡಿದಾಗಿ ಇಳಿಸಲೇಬೇಕು, ಗೋಡೆ ನೆನೆಯದಂತೆ ಸೂರನ್ನು ಮುಂದಕ್ಕೆ ಚಾಚಲೇಬೇಕು. ಆಲ್ಪ್ಸಿನ ಹಳ್ಳಿಮನೆಗಳ ಸೂರೂ ಹಾಗೆಯೇ ಚಾಚಿರುತ್ತದೆ, ಅಲ್ಲಿ ಹಿಮಕ್ಕಾಗಿ.

ಈಚೆಗೆ ಚಿತ್ರ ಬರೆಯುವವರು ರಾಣಿಯ ಅರಮನೆಗೆ ಕೆಂಪು ಮಂಗಳೂರು ಹಂಚು ಹೊದಿಸುತ್ತಾರೆ. ಅದು ತಪ್ಪು. ಆ ಹಂಚಿನ ಮೊದಲ ಕಾರ್ಖಾನೆಯನ್ನು ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ತೆರೆದದ್ದು 1865ರಲ್ಲಿ. ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಿ. ನಮ್ಮ ಕ್ಯಾಲೆಂಡರಿನ ದೇಶ. ನಾವು ‘ನಮ್ಮ ಹಳೇ ಹಂಚಿನ ಮನೆ’ ಎಂದು ಹಂಬಲಿಸುವುದರಲ್ಲಿ ಹಂಚು ಅಲ್ಲಿಯವರು ತಂದ ವಿದ್ಯೆ. ರಾಣಿಯ ತಲೆಯ ಮೇಲಿದ್ದದ್ದು ಬಹುಶಃ ನಾಡಹಂಚು, ಇಲ್ಲವೆ ದಪ್ಪ ಹುಲ್ಲಿನ ಹೊದಿಕೆ. ಕೆಳಗೆ ಹಲಗೆಯ ಮುಚ್ಚಿಗೆ. ಹುಲ್ಲಿನ ಮಾಡಿಗೆ ಪ್ರತಿ ವರ್ಷ ಹೊಸ ಹೊದಿಕೆ ಬೇಕು. ಒಂದೆರಡು ವರ್ಷ ತಪ್ಪಿದರೆ ನೀರು ಇಳಿಯುತ್ತದೆ, ಮುಚ್ಚಿಗೆ ಕೊಳೆಯುತ್ತದೆ, ಮಣ್ಣಿನ ಗೋಡೆ ಕರಗುತ್ತದೆ, ಗೆದ್ದಲು ಕಂಬ ಹತ್ತುತ್ತದೆ. ಹದಿನೇಳು ವರ್ಷ ಧಾರಾಳವಾಯಿತು. ಯಾರೂ ಕೆಡವಬೇಕಾಗಿಯೇ ಇಲ್ಲ.

ಇಷ್ಟೆಯೇ, ರಾಣಿಯೆಂದರೆ ಸೋಗೆ ಗುಡಿಸಲೇ ಎಂದು ಬೇಸರಪಟ್ಟುಕೊಳ್ಳಬೇಡಿ. ಅದೇ ಡೆಲ್ಲಾ ವಾಲ್ಲೆ ಅದೇ ವರ್ಷ ಮಂಗಳೂರಿನ ಕಡೆ ಉಳ್ಳಾಲದ ಚೌಟರ ರಾಣಿಯನ್ನು ಕಂಡ. ಬರಿಗಾಲು, ಮೈಮೇಲೆ ದಪ್ಪ ಹತ್ತಿ ಬಟ್ಟೆ; ನೀರಿನ ಕಾಲುವೆ ಅಗೆಯುವ ಕೆಲಸ ನೋಡಲು ಬಂದಿದ್ದಳು. ನೋಡಲು ಅಡಿಗೆಯವಳ ಹಾಗಿದ್ದರೂ ಮಾತಿನಲ್ಲಿ ರಾಣಿ ಎಂಬುದನ್ನು ಅವನು ಒಪ್ಪಿಕೊಂಡ. ಇಕ್ಕೇರಿಯಲ್ಲಿ ಸೆಗಣಿ ಸಾರಿಸಿದ ನೆಲ ಕಂಡು ಮೊದಲು ಅದು ಮೂಢನಂಬಿಕೆ ಎಂದುಕೊಂಡವನು, ಆಮೇಲೆ ಅದರ ನುಣುಪು ಮೆಚ್ಚಿ, ಇಟಲಿಯಲ್ಲಿಯೂ ಮಾಡಿ ನೋಡುತ್ತೇನೆ ಎಂದು ಬರೆದುಕೊಂಡ. ಮಾಡಿಸಿದನೋ, ಮನೆಯವರು ಒಪ್ಪಿದರೋ!

ನಮ್ಮ ತವರುಮನೆ ಹೊಳೆಯಂಚಿನ ಹಳ್ಳಿಯಲ್ಲಿತ್ತು. ಜಗಲಿಯಲ್ಲಿ ಹಲಸಿನ ಮರದ ಆರು ಕಂಬ, ಬಗ್ಗಿ ಒಳಗೆ ಹೋಗಬೇಕಾದ ಗಿಡ್ಡ ಬಾಗಿಲು, ಹಲಗೆಯ ಮುಚ್ಚಿಗೆ, ಅಟ್ಟದಲ್ಲಿ ಮೆಣಸಿನ ಚೀಲ. ಅಪ್ಪ ಹೋದ ಮೇಲೆ ಅಣ್ಣನಿಗೆ ನೋಡಿಕೊಳ್ಳುವುದು ಕಷ್ಟವಾಯಿತು. ಅವನ ತಪ್ಪೇನಿಲ್ಲ. ಮುಚ್ಚಿಗೆ ಎರಡು ಕಡೆ ಬಿದ್ದಿತ್ತು, ರಿಪೇರಿಗೆ ಬಡಗಿಗಳು ಸಿಗುತ್ತಿರಲಿಲ್ಲ. ಹಳೆ ಮರ ಕೊಳ್ಳುವವರು ಲಾರಿ ತಂದರು. ನನ್ನ ರುಜು ಬೇಕೆಂದಾಗ ಬಸ್ಸಿನಲ್ಲಿ ಹೋಗಿ ಹಾಕಿ ಬಂದೆ. ಕಂಬಗಳು ಈಗ ಯಾವುದೋ ಊರಿನ ರೆಸಾರ್ಟಿನಲ್ಲಿ ನಿಂತಿವೆಯಂತೆ. ಕಿತ್ತು ಮುಗಿದ ಮೇಲೆ ಆಯಿಯ ಜೊತೆ ಹೋಗಿ ನೋಡಿದೆ. ಉಳಿದದ್ದು ತುಳಸಿಕಟ್ಟೆ, ಒರಳುಕಲ್ಲು, ಹೆಬ್ಬಾಗಿಲಿನ ಮುಂದಿನ ಮೆಟ್ಟಿಲು. ಆಯಿ ಅಡಿಗೆಮನೆ ಇದ್ದ ಜಾಗದಲ್ಲಿ ನಿಂತು, “ಇಲ್ಲಿ ಇಷ್ಟೇ ಜಾಗ ಇತ್ತಾ?” ಎಂದರು. ಐವತ್ತು ವರ್ಷ ಅಲ್ಲಿ ಬೆಂದವರು ಅವರು. ಮನೆಗೆ ಊರಿನವರು ಕರೆಯುತ್ತಿದ್ದದ್ದು ನನ್ನ ಅಜ್ಜನ ಹೆಸರಿನಿಂದ.

ಕ್ಯಾಲೆಂಡರ್ ನೋಡಿ ಕೇಳಿದ ಹುಡುಗಿಯ ತರಗತಿಗೆ ಮುಂದಿನ ವಾರ ಹೋದಾಗ ಪಾಠಪುಸ್ತಕ ಮುಚ್ಚಿಸಿದೆ. ಬೋರ್ಡಿನ ಮೇಲೆ ರಾಣಿಯ ಮನೆ ಬರೆಯೋಣ ಎಂದೆ. ಮೊದಲು ಕಲ್ಲಿನ ಜಗಲಿ, ಕವಲೇದುರ್ಗದ್ದು. ಅದರ ಮೇಲೆ ಮರದ ಕಂಬ, ನಮ್ಮ ತವರುಮನೆಯದ್ದು. ಕಂಬಗಳ ನಡುವೆ ಭಟ್ಕಳದ ಜಾಲರಿ, ಮೇಲೆ ಭಟ್ಕಳದ ಇಳಿಜಾರು. ಅಟ್ಟದಲ್ಲಿ ಮೆಣಸು. “ಮೆಣಸಿನ ಕೋಣೆ ಬೀಗ ಯಾರ ಹತ್ರ?” ಎಂದು ಒಬ್ಬಳು ಕೇಳಿದಳು. “ರಾಣಿ ಹತ್ರ” ಎಂದು ನಾಲ್ಕು ಜನ ಒಟ್ಟಿಗೆ ಹೇಳಿದರು. ಇನ್ನೊಬ್ಬಳು, ಬಚ್ಚಲುಮನೆ ಮರೆತಿದ್ದೀರಿ ಎಂದು ಎದ್ದು ಬಂದು ಚಾಕ್ ಇಸಿದುಕೊಂಡು ಹೊಳೆಯ ಬದಿಗೆ ಬರೆದಳು.

ಗೇರುಸೊಪ್ಪೆ ಕಡೆಯಿಂದ ಬಸ್ಸಿನಲ್ಲಿ ಬರುವ ಹುಡುಗಿಯೊಬ್ಬಳು ಯಾವಾಗಲೂ ಮಾತಿಲ್ಲದೆ ಕೂರುವವಳು. ಗಂಟೆ ಹೊಡೆದ ಮೇಲೆ ಹತ್ತಿರ ಬಂದು, ತಮ್ಮ ತೋಟದಲ್ಲಿ ಅಡಿಕೆ ಸಸಿಗೆ ಗುಂಡಿ ತೋಡುವಾಗ ಗಡಿಗೆ ಚೂರು ಸಿಗುತ್ತವೆ, ಅಮ್ಮ ಕಾಲಿಗೆ ಚುಚ್ಚುತ್ತದೆಂದು ಬೇಲಿಯಾಚೆ ಎಸೆಯುತ್ತಾಳೆ ಎಂದಳು. ಎಸೆಯಬೇಡಿ ಅಂತ ಹೇಳು ಎಂದೆ. ಸೋಮವಾರ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಎರಡು ತುಂಡು ತಂದಳು. ನೂರು ವರ್ಷದವಿರಬಹುದು, ನಾನೂರು ವರ್ಷದವಿರಬಹುದು. ಸ್ಟಾಫ್ ರೂಮಿನ ಕಿಟಕಿಯಲ್ಲಿ, ಕ್ಯಾಲೆಂಡರಿನ ಕೆಳಗೆ ಇಟ್ಟಿದ್ದೇನೆ. ಒಂದು ಗಡಿಗೆಯ ಕಂಠ. ಇನ್ನೊಂದು ತಳದ ಚೂರು, ಹೊರಮೈ ಪೂರ್ತಿ ಮಸಿ ಹಿಡಿದಿದೆ.